ಡಾಕ್ಟರ ಮಗ, ಎಮ್ಮೆಲ್ಲೆ ಮಗ

ಶಿರ್ವದ ಓದುಗರೊಬ್ಬರು ಬರೆದಿದ್ದಾರೆ: “ಡಾಕ್ಟರ ಮಗ ಡಾಕ್ಟರಾದರೆ ಶಹಬ್ಬಾಸ್ ಅನ್ನುತ್ತೀರಿ, ಎಮ್ಮೆಲ್ಲೆ ಮಗ ಎಮ್ಮೆಲ್ಲೆ ಆಗಲು ಹೊರಟರೆ ಸಂಪಾದಕೀಯ ಬರೆಯುತ್ತೀರಿ. ಆರಿಸುವವರು ಜನ, ನಿಮಗೇನು ಕಷ್ಟ? ಬರೆಯುವುದಿದ್ದರೆ ಲಂಚದ ಬಗ್ಗೆ ಬರೆಯಿರಿ, ವಂಶದ ಗೊಡವೆ ಬಿಡಿ.”

ಸಂಪಾದಕರ ಉತ್ತರ: ಪತ್ರ ಖಾರವಾಗಿದೆ, ಸಂತೋಷ. ರಾಜಕಾರಣಿಯ ಮನೆಯಲ್ಲಿ ಹುಟ್ಟಿದ್ದೇ ಅನರ್ಹತೆಯಲ್ಲ, ಒಪ್ಪಿದೆ. ಬೆಳಗಾಗುವ ಮೊದಲೇ ಅಹವಾಲು ಹಿಡಿದು ಜಗಲಿ ತುಂಬುವ ಜನರನ್ನು ನೋಡುತ್ತಾ ಬೆಳೆದವನಿಗೆ ಕ್ಷೇತ್ರದ ನಾಡಿ ಬೇಗ ಸಿಗುತ್ತದೆ. ಆದರೆ ಡಾಕ್ಟರ ಮಗ ನೀಟ್ ಬರೆಯದೆ ಕಾಲೇಜಿನ ಮೆಟ್ಟಿಲು ಹತ್ತುವಂತಿಲ್ಲ. ಎಮ್ಮೆಲ್ಲೆ ಮಗ ಬರೆದ ಪರೀಕ್ಷೆ ಯಾವುದು ಮಾರಾಯ್ರೆ? ಬಿ ಫಾರಂ ಕೊಡುವವರು ಜನರಲ್ಲ, ಪಕ್ಷದ ನಾಲ್ಕು ಮಂದಿ. ಜನ ಆರಿಸುವುದು ಆಮೇಲೆ, ಎದುರಿಗಿಟ್ಟವರೊಳಗೆ. (ಅಳಿಯಕಟ್ಟಿನ ಈ ನಾಡಿನಲ್ಲಿ ಒಂದು ಕಾಲಕ್ಕೆ ಯಜಮಾನಿಕೆ ಸೋದರಳಿಯನಿಗೆ ಹೋಗುತ್ತಿತ್ತು. ಮಗನಿಗೇ ಪಟ್ಟ ಕಟ್ಟುವ ಈ ಉಮೇದು ನಮಗೆಲ್ಲಿಂದ ಅಂಟಿತೋ!)

ಇನ್ನು ಲಂಚ. ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವ ಟ್ರ್ಯಾಪ್ ಹೇಗೆ ನಡೆಯುತ್ತದೆ ನೋಡಿ. ದುಡ್ಡು ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬೇಕು. ಇಬ್ಬರು ಪಂಚರೆದುರು ನೋಟಿನ ನಂಬರುಗಳನ್ನು ಮಹಜರಿನಲ್ಲಿ ಬರೆದು, ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ತೆಗೆದುಕೊಂಡವನ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿಯಾಗುತ್ತದೆ. ಕೋರ್ಟಿಗೆ ಅಷ್ಟು ಸಾಲದು. ಆತ ಬಾಯಿಬಿಟ್ಟು ಕೇಳಿದ್ದೂ ರುಜುವಾತಾಗಬೇಕು. ದೂರುದಾರನೇ ಉಲ್ಟಾ ಹೊಡೆದರೆ ಕೇಸು ಹೆಚ್ಚಾಗಿ ಅಲ್ಲೇ ಸೊರಗುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಮೇಲೆ ಕೊಟ್ಟವನೂ ಅಪರಾಧಿ. ಹೀಗೆ ಮೊದಲೇ ದೂರು ಕೊಟ್ಟವನನ್ನು ಬಿಟ್ಟರೆ, ಬಲವಂತಕ್ಕೆ ಕೊಟ್ಟು ಏಳು ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ವಿನಾಯಿತಿ. ಅದೇ ತಿದ್ದುಪಡಿಯ 17ಎ ಕಲಮು, ಅಧಿಕಾರದಲ್ಲಿದ್ದವರು ಕೈಗೊಂಡ ತೀರ್ಮಾನದ ಬಗ್ಗೆ ತನಿಖೆಗೂ ಪೂರ್ವಾನುಮತಿ ಬೇಕೆಂದಿತು. ಹೀಗಾಗಿ ಗುಲಾಬಿ ನೀರಿನಲ್ಲಿ ಕೈ ಅದ್ದುವವರು ಸರ್ವೆಯರು, ಗ್ರಾಮಕರಣಿಕರು. ನೋಟನ್ನೇ ಮುಟ್ಟದೆ ಫೈಲಿಗೆ ಸಹಿ ಹಾಕಿದವರ ಕೈಗೆ ಯಾವ ಪುಡಿ?

ಅಲ್ಲಿಂದಲೇ ವಂಶದ ಮಾತು ಶುರು. ವಿಧಾನಸಭೆಗೆ ನಿಂತವರ ಖರ್ಚಿನ ಮಿತಿ 40 ಲಕ್ಷ; ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅದರ ಮೇಲೂ ಸುರಿಯುವ ಕಪ್ಪುಹಣವನ್ನು ಗುತ್ತಿಗೆದಾರನೋ ಲೇವಾದೇವಿಯವನೋ ಧರ್ಮಕ್ಕೆ ಕೊಡುವುದಿಲ್ಲ, ಕಾಮಗಾರಿಯಲ್ಲಿ ವಸೂಲು ಮಾಡುತ್ತಾನೆ. ಐದು ವರ್ಷದಲ್ಲಿ ವಸೂಲಾಗದಿದ್ದರೆ? ಹೊಸ ಮುಖವಾದರೆ ದುಡ್ಡು ಮುಳುಗಿತು. ಅದೇ ಮನೆಯ ಹುಡುಗನಾದರೆ ಬಾಕಿ ಮುಂದುವರಿಯುತ್ತದೆ. ಟಿಕೆಟಿಗೆ ಮಗನೇ ಬೇಕೆಂದು ಹಠ ಹಿಡಿಯುವವರಲ್ಲಿ ಅಪ್ಪ ಒಬ್ಬನೇ ಇರುವುದಿಲ್ಲ.

ನಾಮಪತ್ರದ ಜೊತೆ ಕೊಡುವ 26ನೇ ನಮೂನೆಯ ಅಫಿಡವಿಟ್ ಓದಿದ್ದೀರಾ? ಚುನಾವಣಾ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಭ್ಯರ್ಥಿಯ, ಸಂಗಾತಿಯ, ಅವಲಂಬಿತರ ಆಸ್ತಿ ಮತ್ತು ಸಾಲ, ಐದು ವರ್ಷದ ಆದಾಯ, ಕ್ರಿಮಿನಲ್ ಕೇಸು ಎಲ್ಲ ಅದರಲ್ಲಿದೆ. ಇಲ್ಲದಿರುವುದು ದುಡಿಯುವ ಮಗ, ಸೊಸೆ, ತಮ್ಮಂದಿರ ಆಸ್ತಿ, ಅವರು ಅವಲಂಬಿತರಲ್ಲವಲ್ಲ. ಆ ಮಗ ಚುನಾವಣೆಗೆ ನಿಂತ ದಿನ ಮೊದಲ ಬಾರಿಗೆ ಅವನ ಲೆಕ್ಕ ಹೊರಬೀಳುತ್ತದೆ. ಅಪ್ಪನ ಕೊನೆಯ ಅಫಿಡವಿಟ್, ಮಗನ ಮೊದಲನೆಯದು ಎರಡನ್ನೂ ಪಕ್ಕ ಪಕ್ಕ ಇಟ್ಟು, ಜಾಗದ ಸರ್ವೆ ನಂಬರು, ಖರೀದಿಯ ತಾರೀಕು ಹೋಲಿಸಿ. ಒಂದು ಸಂಜೆಯ ಕೆಲಸ.

ಹಾಗಾದರೆ ವಂಶವನ್ನೇ ನಿಷೇಧಿಸಿ ಎನ್ನುವವರಿದ್ದಾರೆ. ಫಿಲಿಪ್ಪೀನ್ಸ್ 1987ರ ಸಂವಿಧಾನದಲ್ಲೇ ಹಾಗೆ ಬರೆದು, ವಿವರ ಕಾನೂನಿಗೆ ಬಿಟ್ಟಿತು. ಕಾನೂನು ಮಾಡಬೇಕಾದ ಸಂಸತ್ತು ಅಂಥ ಮನೆತನದವರಿಂದಲೇ ತುಂಬಿತ್ತು. ದಶಕಗಳು ಕಳೆದು 2016ರಲ್ಲಿ ಬಂದ ಕಾನೂನು ಬರೀ ಯುವಮಂಡಳಿಗಳ ಚುನಾವಣೆಗೆ ಅನ್ವಯಿಸುವಂಥದು. 2022ರಲ್ಲಿ ಮಾಜಿ ಅಧ್ಯಕ್ಷ ಮಾರ್ಕೋಸರ ಮಗ ಅಧ್ಯಕ್ಷ, ಆಗಷ್ಟೇ ಅಧ್ಯಕ್ಷಗಿರಿಯಿಂದ ಇಳಿದ ಡುಟರ್ಟೆಯ ಮಗಳು ಉಪಾಧ್ಯಕ್ಷೆ.

ನಿಷೇಧ ಬೇಡ, ಪರೀಕ್ಷೆ ಬೇಕು. ನಮ್ಮ ಉಡುಪಿಯಲ್ಲಿ ಅದು ಇತ್ತು. ವಿ.ಎಸ್. ಆಚಾರ್ಯರು 1968ರಲ್ಲಿ ಪುರಸಭೆಯ ಅಧ್ಯಕ್ಷರಾಗಿ ಮಲ ಹೊರುವ ಪದ್ಧತಿ ನಿಲ್ಲಿಸಿದರು, ಗೃಹಮಂತ್ರಿಯಾದದ್ದು ಎಷ್ಟೋ ಕಾಲದ ಮೇಲೆ. ಆಸ್ಕರ್ ಫೆರ್ನಾಂಡಿಸ್ ಅದೇ ಪುರಸಭೆಯ ಸದಸ್ಯರಾಗಿದ್ದು 1980ರಲ್ಲಿ ಲೋಕಸಭೆಗೆ ಹೋದರು. ಪಕ್ಷ ಎರಡು, ಮೆಟ್ಟಿಲು ಒಂದೇ: ಚರಂಡಿ, ನಲ್ಲಿನೀರು, ಬೀದಿದೀಪ. ಅಲ್ಲಿ ತಪ್ಪಿದರೆ ಬೆಳಗ್ಗೆ ಬಾಗಿಲಿಗೇ ಬಂದು ಬೈಯುತ್ತಾರೆ.

ಆ ಮೆಟ್ಟಿಲಿನ ಗತಿ ಏನಾಯಿತು? ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಇಲ್ಲಿ ಕ್ಷೇತ್ರವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಮೀಸಲಾತಿ ಪಟ್ಟಿ, ಕೋರ್ಟು, ಮತ್ತೆ ಪಟ್ಟಿ. ಸರಕಾರ ಬದಲಾಯಿತು, ನೆಪ ಬದಲಾಗಲಿಲ್ಲ. ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾರುಬಾರು. ಶಾಸಕರಿಗೆ ಇದು ಬೇಸರದ ಸಂಗತಿಯೇನೂ ಅಲ್ಲ. ಸದಸ್ಯನೊಬ್ಬ ಬೆಳೆದು ತಮ್ಮ ಟಿಕೆಟಿಗೆ ಕೈಹಾಕುವ ಭಯವಿಲ್ಲ, ಮಗನಿಗೆ ದಾರಿ ಸಲೀಸು.

ಇದಕ್ಕೆ ಒಂದೇ ಒಂದು ಪತ್ರ ನಮಗೆ ಬಂದಿಲ್ಲ, ನಿಮ್ಮದೂ ಇಲ್ಲ. ಗ್ರಾಮ ಪಂಚಾಯತಿನ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಕಾಮಗಾರಿಯ ಪಟ್ಟಿ ಶುರುವಾಗುವುದು ಅಲ್ಲಿ. ನಿಮ್ಮ ವಾರ್ಡಿನದು ಕೊನೆಗೆ ಯಾವಾಗ ಆಯಿತು, ಎಷ್ಟು ಜನ ಬಂದಿದ್ದರು, ಮುಂದಿನ ಪತ್ರದಲ್ಲಿ ತಿಳಿಸಿ. ಪ್ರಕಟಿಸುತ್ತೇವೆ.