ಬಿಸಿನೆಸ್ ಓದಿನಲ್ಲಿ ಬರುವ ಆಪರೇಷನ್ಸ್ ಲೆಕ್ಕಗಳು (ಸರಕು ಎಷ್ಟು ತರಿಸಬೇಕು, ಎಷ್ಟು ಇಟ್ಟುಕೊಳ್ಳಬೇಕು ಅನ್ನುವಂಥವು) ನಿಜವಾದ ವ್ಯಾಪಾರಕ್ಕೆ ಉಪಯೋಗ ಆಗುತ್ತವೆಯಾ?

ಆಗುತ್ತವೆ. ಆದರೆ ಸೂತ್ರ ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆಗಷ್ಟೇ ಸರಿ.

ಒಂದು ದಿನಸಿ ಅಂಗಡಿಯಲ್ಲಿ ವರ್ಷಕ್ಕೆ 3,600 ಮೂಟೆ ಅಕ್ಕಿ ಹೋಗುತ್ತದೆ ಅಂದುಕೊಳ್ಳಿ. ಪ್ರತಿ ಸಲ ತರಿಸಲು ಟೆಂಪೋ ಬಾಡಿಗೆ 800 ರೂಪಾಯಿ. ಒಂದು ಮೂಟೆ ವರ್ಷವಿಡೀ ಗೋಡೌನ್‌ನಲ್ಲಿ ಕೂತರೆ ಬಡ್ಡಿ, ಜಾಗದ ಬಾಡಿಗೆ, ಇಲಿ-ಹುಳದ ನಷ್ಟ ಎಲ್ಲ ಸೇರಿ 100 ರೂಪಾಯಿ. ಹಾಗಾದರೆ ಸಲಕ್ಕೆ ಎಷ್ಟು ತರಿಸಬೇಕು?

ಇದಕ್ಕೆ ಇಒಕ್ಯೂ (ಎಕನಾಮಿಕ್ ಆರ್ಡರ್ ಕ್ವಾಂಟಿಟಿ) ಸೂತ್ರವಿದೆ, ಅಂದರೆ ಸಲಕ್ಕೆ ಎಷ್ಟು ತರಿಸಿದರೆ ಒಟ್ಟು ಖರ್ಚು ಅತಿ ಕಡಿಮೆ ಅನ್ನೋ ಲೆಕ್ಕ. ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲಿ ಪ್ರಕಟಿಸಿದ್ದು. 2 × 3,600 × 800 ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: 240 ಮೂಟೆ. ವರ್ಷಕ್ಕೆ 15 ಟ್ರಿಪ್, ಬಾಡಿಗೆ 12,000. ತಂದ 240 ಮೂಟೆ ನಿಧಾನಕ್ಕೆ ಖಾಲಿಯಾಗುವುದರಿಂದ ಗೋಡೌನ್‌ನಲ್ಲಿ ಸರಾಸರಿ ಅದರ ಅರ್ಧ, 120 ಮೂಟೆ ಇರುತ್ತದೆ, ಅದರ ಖರ್ಚೂ 12,000. ಒಟ್ಟು 24,000.

ಮಜಾ ಇರೋದು ಇಲ್ಲಿ. 240ರ ಬದಲು 300 ತರಿಸಿದರೆ? 12 ಟ್ರಿಪ್‌ಗೆ 9,600, ಇಟ್ಟುಕೊಳ್ಳಲು 15,000. ಒಟ್ಟು 24,600. ಬರೀ 600 ಜಾಸ್ತಿ! ತಿಂಗಳಿಗೊಂದು ಟೆಂಪೋ ಅಂದರೆ ನೆನಪಿಡೋದೂ ಸುಲಭ ಅಲ್ವಾ? ನಾನಾದರೆ 300ನ್ನೇ ತರಿಸುತ್ತೇನೆ.

ಹೀಗೆ ಅಂಕಿ ಬದಲಿಸಿ, ಉತ್ತರ ಎಷ್ಟು ಅಲುಗಾಡುತ್ತದೆ ಅಂತ ಎಕ್ಸೆಲ್‌ನಲ್ಲಿ ನೋಡುತ್ತಾ ಓದಿ. ಕಷ್ಟ ಇರೋದು ವರ್ಗಮೂಲದಲ್ಲಲ್ಲ, ಆ 100 ರೂಪಾಯಿಯನ್ನು ಸರಿಯಾಗಿ ಅಂದಾಜು ಮಾಡೋದರಲ್ಲಿ. ಬೇಡಿಕೆ ಹಬ್ಬದ ತಿಂಗಳಲ್ಲಿ ದಿಢೀರ್ ಏರುವ ಸರಕಿಗೆ ಈ ಸೂತ್ರ ಸಾಲದು. ಅಂಥ ಸರಕಿನ ಲೆಕ್ಕ ಮಾಡಲು ಮೊದಲು ಸ್ವಲ್ಪ ಸಂಭವನೀಯತೆ (ಪ್ರಾಬಬಿಲಿಟಿ) ಕಲಿಯಿರಿ.