ಖಾಲಿ ಜಾಗಕ್ಕೂ ದುಡ್ಡು ಕೊಡಬೇಕೆ?

(ತುಮಕೂರಿನ ಚಿಕ್ಕ ಪ್ರಕಾಶನವೊಂದರ ಎರಡು ಕವನ ಸಂಕಲನಗಳನ್ನೂ ಒಂದು ರೇಖಾಚಿತ್ರಗಳ ಪುಸ್ತಕವನ್ನೂ ಕಳೆದ ಸಂಚಿಕೆಯಲ್ಲಿ ಪರಿಚಯಿಸಿದ್ದೆವು. ಅದನ್ನು ಓದಿ ಮೂರನ್ನೂ ತರಿಸಿಕೊಂಡ ಚಿಂತಾಮಣಿಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘80 ಪುಟದ ಸಂಕಲನಕ್ಕೆ 120 ರೂಪಾಯಿ, ಅದರಲ್ಲಿ ಅರ್ಧಕ್ಕರ್ಧ ಖಾಲಿ. ಛಂದಸ್ಸಿಲ್ಲ, ಪ್ರಾಸವಿಲ್ಲ. ಎರಡನೇ ಸಲ ತೆರೆದಾಗ ಹಾಳೆ ಕಿತ್ತು ಬಂತು. ಇಂಥವನ್ನು ಕೊಂಡು ಓದಿ ಅಂತ ಯಾಕೆ ಬರೆದಿರಿ?’)

ಮೇಷ್ಟ್ರೇ, ನಮಸ್ಕಾರ.

ಹಾಳೆ ಕಿತ್ತು ಬಂದದ್ದಕ್ಕೆ ಸಮರ್ಥನೆಯಿಲ್ಲ. ಬೆನ್ನಿಗೆ ಬರೀ ಅಂಟು ಹಾಕಿದ್ದಾರೆ, ಹೊಲಿಗೆ ಹಾಕಿಸಿಲ್ಲ. ನನ್ನ ಪ್ರತಿಯೂ ಬಿಚ್ಚಿಕೊಂಡಿತ್ತು. ಅದನ್ನು ಪರಿಚಯದಲ್ಲೇ ಬರೆಯಬೇಕಿತ್ತು, ಬರೆಯದೆ ತಪ್ಪು ಮಾಡಿದೆ.

ಖಾಲಿ ಜಾಗದ ಮಾತು ಬೇರೆ. ತಾಳೆಗರಿಯ ಕಾವ್ಯ ನೀವು ನೋಡಿರುತ್ತೀರಿ. ಅಲ್ಲಿ ಪದ್ಯಕ್ಕೆ ಸಾಲು ಒಡೆಯುವುದಿಲ್ಲ, ಪದಗಳ ನಡುವೆ ತೆರಪೂ ಇಲ್ಲ. ಗರಿಯ ಅಂಚಿನವರೆಗೂ ಅಕ್ಷರ ಒತ್ತೊತ್ತಾಗಿ ಸಾಗುತ್ತದೆ. ಆದರೂ ಬಲ್ಲವರು ತಡವರಿಸುತ್ತಿರಲಿಲ್ಲ. ಕಂದವಾಗಲಿ ಷಟ್ಪದಿಯಾಗಲಿ, ಸಾಲು ಎಲ್ಲಿಗೆ ಮುಗಿಯಿತು ಅನ್ನುವುದನ್ನು ಮಾತ್ರೆಯ, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ, ಲೆಕ್ಕವೇ ಹೇಳುತ್ತಿತ್ತು. ಹೊಸದು ಶುರುವಾಯಿತು ಅಂತ ಸಾಲುಸಾಲಿಗೂ ಎರಡನೇ ಅಕ್ಷರ ಒಂದೇ ಆಗಿ ಬರುವ ಪ್ರಾಸ ಕಿವಿಗೆ ಮುಟ್ಟಿಸುತ್ತಿತ್ತು. 1911ರಲ್ಲಿ ಗೋವಿಂದ ಪೈ ಆ ಪ್ರಾಸ ಬಿಟ್ಟರು. ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಮಾತ್ರೆಗೇ ಹೊಸ ನಡಿಗೆ ಕಲಿಸಿದರು. ನವ್ಯದವರು ಆ ಲೆಕ್ಕವನ್ನೂ ಸಡಿಲಿಸಿದರು. ಹೀಗೆ ಕಿವಿಯ ಗುರುತುಗಳು ಒಂದೊಂದೇ ಹೋದಂತೆ, ಎಲ್ಲಿ ನಿಲ್ಲಬೇಕು ಅಂತ ತೋರಿಸುವ ಹೊಣೆ ಕಾಗದದ ಮೇಲೆ ಬಿತ್ತು. ನೀವು ಖಾಲಿ ಅಂದ ಜಾಗ ಇವತ್ತು ಪ್ರಾಸದ ಕೆಲಸ ಮಾಡುತ್ತಿದೆ, ಮೇಷ್ಟ್ರೇ.

ಎಲ್ಲರ ಕೈಯಲ್ಲೂ ಅದು ಕೆಲಸ ಮಾಡುವುದಿಲ್ಲ. ಎರಡನೇ ಸಂಕಲನದ ಮೇಲಿನ ನಿಮ್ಮ ಸಿಟ್ಟು ನ್ಯಾಯವಾದದ್ದು. ಅದರಲ್ಲಿ ಎಷ್ಟೋ ಕಡೆ ಗದ್ಯದ ವಾಕ್ಯ ತುಂಡು ಮಾಡಿ ಒಂದರ ಕೆಳಗೊಂದು ಇಟ್ಟಿದ್ದಾರೆ. ಕೂಡಿಸಿ ಓದಿದರೆ ಏನೂ ಕಳೆದುಹೋಗುವುದಿಲ್ಲ. ಮೊದಲನೆಯದರಲ್ಲಿ ಹಾಗೆ ಕೂಡಿಸಿ ನೋಡಿ. ಬೋರ್‌ವೆಲ್ ಕವಿತೆ ನೆನಪಿದೆಯಲ್ಲ? ಪುಟದ ತಲೆಯಲ್ಲಿ ‘ಮೋಟರು ಇಳಿಸಿದರು’ ಅನ್ನುವ ಸಾಲು, ತಳದಲ್ಲಿ ‘ಕೆಸರು’ ಅನ್ನುವ ಒಂದೇ ಪದ. ನಡುವಿನ ಬಿಳಿ ಎಷ್ಟು ಅಡಿ ಅಂತ ಚಿಂತಾಮಣಿಯವರಿಗೆ ನಾನು ಹೇಳಬೇಕೆ? 2019ರಲ್ಲಿ ನಮ್ಮನ್ನು ಅಗಲಿದ ತುಮಕೂರಿನ ಕೆ.ಬಿ. ಸಿದ್ದಯ್ಯನವರ ಖಂಡಕಾವ್ಯಗಳನ್ನು ಓದುವಾಗಲೂ ನಾನು ಎಣಿಸುವುದು ಗಣವನ್ನಲ್ಲ (ಛಂದಸ್ಸಿನ ಅಳತೆಯ ಗುಂಪನ್ನಲ್ಲ), ಉಸಿರನ್ನು.

ಚಿತ್ರಗಳ ಪುಸ್ತಕದ ಖಾಲಿ ಪುಟಗಳಿಗೆ ಕಾರಣ ಸರಳ. ತೆಳು ಕಾಗದದಲ್ಲಿ ಹಿಂದಿನ ಮಸಿ ಮುಂದಕ್ಕೆ ಕಾಣುತ್ತದೆ, ಅದಕ್ಕೇ ಹಿಂಬದಿ ಬಿಟ್ಟಿದ್ದಾರೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ನೊಳಂಬ ಅರಸರ ಕಾಲದ ಛಾವಣಿ ನೋಡಲು ಕತ್ತು ನೋಯುವಷ್ಟು ಹೊತ್ತು ತಲೆ ಎತ್ತಿ ನಿಲ್ಲಬೇಕು. ನಡುವೆ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ಅದೆಲ್ಲವನ್ನೂ ಬರೀ ಮಸಿಯ ಗೆರೆಯಲ್ಲಿ ಮಡಿಲಿಗೆ ಇಳಿಸಿಕೊಟ್ಟ ಕೈಗೆ ನಾನು ಮನಸಾರೆ ಕೃತಜ್ಞ.

ಇನ್ನು ಬೆಲೆ. 80 ಪುಟ ಅಂದರೆ ಹದಿನಾರು ಪುಟದ ಐದು ಫಾರಂ. ಮುನ್ನೂರು ಪ್ರತಿ ಹಾಕಿಸಿದರೂ ಮೂರು ಸಾವಿರ ಹಾಕಿಸಿದರೂ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಅಚ್ಚಿನ ಪ್ಲೇಟಿನ ಖರ್ಚು ಅಷ್ಟೇ. ಮುನ್ನೂರರ ಮೇಲೆ ಹಂಚಿದಾಗ ಒಂದೊಂದು ಪ್ರತಿಗೂ ಭಾರ ಬೀಳುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದಕ್ಕೆ ಇದೆ. ಆ ತೆರಿಗೆ ಪ್ರಕಾಶಕರಿಗೆ ವಾಪಸ್ ಸಿಗುವುದಿಲ್ಲ. ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಆರುನೂರು ಪುಟದ ಕಾದಂಬರಿಗೂ ಐದು ಫಾರಮ್ಮಿನ ಕವಿತೆಗೂ ಅದೇ ಅಳತೆಗೋಲು, ಪುಟ ಕಮ್ಮಿಯಾದಷ್ಟೂ ಬರುವ ದುಡ್ಡು ಕಮ್ಮಿ. ಹೀಗಿದ್ದೂ ಬಿಳಿ ಜಾಗ ಬಿಟ್ಟು ಕವಿತೆ ಅಚ್ಚು ಹಾಕುವವರು ನಷ್ಟ ಗೊತ್ತಿದ್ದೇ ಹಾಕುತ್ತಾರೆ. ಅಂಥವರ ಪುಸ್ತಕ ಕೊಳ್ಳಿ ಅಂತ ಮುಂದೆಯೂ ಬರೆಯುತ್ತೇನೆ.

ಪ್ರಕಾಶಕರ ಹತ್ತಿರ ಮಾತಾಡಿದ್ದೇನೆ. ಮೊದಲ ಸಂಕಲನದ ಹೊಲಿಗೆ ಹಾಕಿಸಿದ ಪ್ರತಿಯೊಂದು ನಿಮಗೆ ಜ್ಞಾನ ಪೋಸ್ಟಿನಲ್ಲಿ ಬರುತ್ತದೆ. ಪುಸ್ತಕ ಕಳಿಸಲೆಂದು ಅಂಚೆ ಇಲಾಖೆ ಮೇ 2025ರಲ್ಲಿ ಶುರುಮಾಡಿದ ಆ ಸೇವೆಯಲ್ಲಿ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಬಂದ ಮೇಲೆ ಬೋರ್‌ವೆಲ್ ಕವಿತೆಯನ್ನು ಒಮ್ಮೆ ಗಟ್ಟಿಯಾಗಿ ಓದಿ, ಬಿಳಿ ಇದ್ದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ‘ಕೆಸರು’ ಅನ್ನಿ. ಆಗಲೂ ಆ ಜಾಗ ದಂಡ ಅನ್ನಿಸಿದರೆ ಬರೆಯಿರಿ, ಆ ಪತ್ರವನ್ನೂ ಪೂರ್ತಿ ಪ್ರಕಟಿಸುತ್ತೇನೆ.

– ಸಂಪಾದಕ