ಮರಡಿಹಳ್ಳಿಯ ಕಲ್ಲು ಯಾರ ಪರ ಸಾಕ್ಷಿ?

ಪ್ರಶ್ನೆ: ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಗಲ್ಲುಗಳು ಸಮುದ್ರದ ತಳದಲ್ಲಿ ಹುಟ್ಟಿದವು ಎಂದು ಓದಿದ್ದೇನೆ. ಎಂದರೆ, ಮನುಷ್ಯ ಹುಟ್ಟುವ ಮೊದಲೇ ಇಲ್ಲಿಯ ನೆಲವೂ ಹವೆಯೂ ಎಷ್ಟೋ ಸಲ ಬದಲಾಗಿವೆ. 1933ರಲ್ಲಿ ತುಂಬಿದ್ದ ಮಾರಿಕಣಿವೆ ಜಲಾಶಯ 89 ವರ್ಷ ಬಿಟ್ಟು 2022ರಲ್ಲಿ ಮತ್ತೆ ಕೋಡಿ ಬಿತ್ತು. ಹೀಗಿರುವಾಗ ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣ ಎಂದು ಹೇಗೆ ಹೇಳುತ್ತೀರಿ? ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವಂತಲ್ಲ?
– ನಿವೃತ್ತ ಶಿಕ್ಷಕರು, ಚಳ್ಳಕೆರೆ

ಉತ್ತರ: ತಾವು ಇಬ್ಬರು ಸಾಕ್ಷಿಗಳನ್ನು ಕರೆತಂದಿದ್ದೀರಿ. ಕಲ್ಲನ್ನು ಮೊದಲು ವಿಚಾರಿಸೋಣ, ಏಕೆಂದರೆ ಅದು ತಾವು ನಿರೀಕ್ಷಿಸಿದ ಮಾತನ್ನು ಆಡುವುದಿಲ್ಲ.

ಕಾದ ಶಿಲಾರಸ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ತಟ್ಟನೆ ತಣಿದು ಸಿಪ್ಪೆಗಟ್ಟುತ್ತದೆ. ಒಳಗಿನ ರಸ ಆ ಸಿಪ್ಪೆಯನ್ನು ಸೀಳಿಕೊಂಡು ಮತ್ತೆ ಉಬ್ಬುತ್ತದೆ. ಹೀಗೆ ಒಂದರ ಮೇಲೊಂದು ಒಟ್ಟಿದ ದಿಂಬುಗಳಂತಹ ಬಂಡೆ ರೂಪುಗೊಳ್ಳುತ್ತದೆ. ಮರಡಿಹಳ್ಳಿಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆ ಕಾಲದಲ್ಲಿ ಸೂರ್ಯನ ಪ್ರಕಾಶ ಇಂದಿಗಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆಯಿತ್ತು ಎಂಬುದು ನಕ್ಷತ್ರಗಳ ಅಧ್ಯಯನದಿಂದ ತಿಳಿದ ಸಂಗತಿ. ಇಂದಿನ ವಾಯುಮಂಡಲವೇ ಅಂದೂ ಇದ್ದಿದ್ದರೆ ಅಷ್ಟು ಮಂಕು ಬಿಸಿಲಿಗೆ ಸಮುದ್ರಗಳು ಹೆಪ್ಪುಗಟ್ಟಿರಬೇಕಿತ್ತು. ಆದರೆ ನೀರು ನೀರಾಗಿಯೇ ಇತ್ತು ಎಂದು ತಮ್ಮ ದಿಂಬುಗಲ್ಲೇ ಹೇಳುತ್ತಿದೆ. ಶಾಖವನ್ನು ಹಿಡಿದಿಡುವ ಅನಿಲಗಳು ಆಗಿನ ಗಾಳಿಯಲ್ಲಿ ಬಹಳ ಹೆಚ್ಚಾಗಿದ್ದವು ಎಂಬುದೇ ಈ ಒಗಟಿಗೆ ಭೂವಿಜ್ಞಾನಿಗಳು ಕೊಡುವ ಮುಖ್ಯ ಉತ್ತರ. ಆದ್ದರಿಂದ ಆ ಕಲ್ಲು ಮನುಷ್ಯನನ್ನು ಖುಲಾಸೆ ಮಾಡುವುದಿಲ್ಲ. ಗಾಳಿಯಲ್ಲಿರುವ ಅನಿಲ ಭೂಮಿಯ ಬಿಸಿಯನ್ನು ಆಳುತ್ತದೆ ಎಂಬುದಕ್ಕೆ ಅದು ನಮ್ಮ ಜಿಲ್ಲೆಯ ಅತಿ ಹಿರಿಯ ಸಾಕ್ಷಿ.

ಈ ಅನಿಲಗಳ ಕೆಲಸವನ್ನು ಅರಿಯಲು ತಮ್ಮ ಚಳ್ಳಕೆರೆಯ ಕಂಬಳಿ ಸಾಕು. ಕಂಬಳಿಗೆ ಸ್ವಂತ ಶಾಖವಿಲ್ಲ, ಮೈಯ ಶಾಖ ಹೊರಗೆ ಹೋಗುವುದನ್ನು ಅದು ನಿಧಾನಗೊಳಿಸುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಈ ಗುಣವಿದೆ ಎಂಬುದು ನಿನ್ನೆ ಮೊನ್ನೆಯ ರಾಜಕೀಯ ವಾದವಲ್ಲ. ಯೂನಿಸ್ ಫೂಟ್ 1856ರಲ್ಲಿಯೂ ಜಾನ್ ಟಿಂಡಾಲ್ 1859ರಲ್ಲಿಯೂ ಪ್ರಯೋಗಗಳಿಂದ ಇದನ್ನು ಕಂಡುಕೊಂಡರು. ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿಯೇ ಕೈಲೆಕ್ಕದಲ್ಲಿ ಹಾಕಿ ತೋರಿಸಿದರು. ಮಾರಿಕಣಿವೆಗೆ ಅಡಿಪಾಯ ಬೀಳುವುದಕ್ಕೂ ಮೊದಲಿನ ಮಾತಿದು.

ಇನ್ನು, ಹಿಂದೆ ತಾನಾಗಿಯೇ ಬದಲಾದದ್ದು ಈಗಲೂ ತಾನಾಗಿಯೇ ಬದಲಾಗುತ್ತಿರಬಹುದಲ್ಲ ಎಂಬ ಸಂಶಯ. ಹೋದ ವರ್ಷ ಶೇಂಗಾ ಹೊಲವನ್ನು ಕಾಡುಹಂದಿ ಹಾಳು ಮಾಡಿತ್ತೆಂದು ಈ ವರ್ಷವೂ ಹಂದಿಯೇ ಇರಬೇಕು ಎಂದು ರೈತ ಕೈಕಟ್ಟಿ ಕೂರುವುದಿಲ್ಲ, ಬದುವಿನ ಮೇಲೆ ಬಗ್ಗಿ ಹೆಜ್ಜೆ ನೋಡುತ್ತಾನೆ. ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಕೆಳಗಿನದೂ ಎರಡೂ ಬಿಸಿಯಾಗಬೇಕಿತ್ತು. ಆದರೆ ಕೆಳಪದರ ಕಾಯುತ್ತಿರುವಾಗ ಅದರ ಮೇಲಿನ ಸ್ತರಗೋಳ ತಣಿಯುತ್ತಿದೆ, ಕಂಬಳಿ ದಪ್ಪವಾದಾಗ ಆಗಬೇಕಾದದ್ದು ಇದೇ. ಅಲ್ಲದೆ, 1978ರಿಂದ ಉಪಗ್ರಹಗಳು ಅಳೆಯುತ್ತಿರುವ ಸೂರ್ಯನ ಪ್ರಖರತೆ ಹನ್ನೊಂದು ವರ್ಷಗಳ ಆವರ್ತದಲ್ಲಿ ಏರಿಳಿದಿದೆಯೇ ಹೊರತು ಒಟ್ಟಾರೆ ಹೆಚ್ಚಿಲ್ಲ. ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ ಮನುಷ್ಯ ಹೊರಬಿಡುವುದರ ಶೇ 1ಕ್ಕಿಂತಲೂ ಕಡಿಮೆ.

ಎಲ್ಲಕ್ಕಿಂತ ಸ್ಪಷ್ಟವಾದ ಹೆಜ್ಜೆ ಇಂಗಾಲದಲ್ಲಿಯೇ ಮೂಡಿದೆ. ಇಂಗಾಲ-14 ಎಂಬ ವಿಕಿರಣಶೀಲ ರೂಪ 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಾಗಲಿ ಕಚ್ಚಾ ತೈಲದಲ್ಲಾಗಲಿ ಅದು ಉಳಿದಿರುವುದಿಲ್ಲ. ಇನ್ನೊಂದು ರೂಪವಾದ ಇಂಗಾಲ-13 ಸಸ್ಯಮೂಲದ ಈ ಇಂಧನಗಳಲ್ಲಿ ಗಾಳಿಗಿಂತ ಕಡಿಮೆ ಪ್ರಮಾಣದಲ್ಲಿರುತ್ತದೆ. ಇವುಗಳನ್ನು ಸುಟ್ಟು ಗಾಳಿಗೆ ಬಿಟ್ಟರೆ ಗಾಳಿಯಲ್ಲಿ ಈ ಎರಡೂ ರೂಪಗಳ ಪಾಲು ಇಳಿಯಬೇಕು, ಉರಿಯಲು ಬಳಕೆಯಾದ ಆಮ್ಲಜನಕವೂ ತುಸು ಇಳಿಯಬೇಕು. ಅಳತೆಯಲ್ಲಿ ಮೂರೂ ಇಳಿದಿರುವುದು ಕಂಡಿದೆ. ಕೈಗಾರಿಕೆಗಳಿಗೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್, ಹವಾಯಿಯ ಮೌನಾ ಲೋವಾದಲ್ಲಿ ನಿರಂತರ ಅಳತೆ ಆರಂಭವಾದ 1958ರಲ್ಲಿ 315ರ ಆಸುಪಾಸಿನಲ್ಲಿತ್ತು, ಈಗ 420ನ್ನು ದಾಟಿದೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ ಕಳೆದ 8 ಲಕ್ಷ ವರ್ಷಗಳಲ್ಲಿ ಅದು 300ರ ಆಸುಪಾಸನ್ನು ಮೀರಿರಲಿಲ್ಲ.

ಎರಡನೆಯ ಸಾಕ್ಷಿಯಾದ ಮಾರಿಕಣಿವೆಯನ್ನು ನಾನು ಯಾರ ಪರವಾಗಿಯೂ ಕೂಗುವುದಿಲ್ಲ. ಅದಕ್ಕೆ ನೀರು ತರುವ ವೇದಾವತಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಹುಟ್ಟುತ್ತದೆ. 2022ರಲ್ಲಿ ಭಾರಿ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯಿಂದ ಹರಿಸಿದ ನೀರೂ ಸೇರಿತ್ತು. ಕಣಿವೆ ತುಂಬಿದ್ದನ್ನು ತೋರಿಸಿ ತಾಪಮಾನ ಏರಿಕೆಯನ್ನು ಅಲ್ಲಗಳೆಯುವುದು ಎಷ್ಟು ತಪ್ಪೋ, ಅದು ಬತ್ತಿದ ವರ್ಷ ಏರಿಕೆಯೇ ಕಾರಣವೆಂದು ಭಾಷಣ ಮಾಡುವುದೂ ಅಷ್ಟೇ ತಪ್ಪು. ಎರಡನೆಯ ತಪ್ಪನ್ನು ಮಾಡುವವರು ನಮ್ಮ ಪಾಳೆಯದಲ್ಲಿಯೇ ಇದ್ದಾರೆಂಬುದನ್ನು ಒಪ್ಪಿಕೊಳ್ಳಬೇಕು.

ಒಮ್ಮತದ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ತಾಪಮಾನದ ದಾಖಲೆಗಳನ್ನೇ ಶಂಕಿಸಿ, ತಾವೇ ತಂಡ ಕಟ್ಟಿ ಮೊದಲಿನಿಂದ ಲೆಕ್ಕ ಹಾಕಿದರು. ಆ ಕೆಲಸಕ್ಕೆ ಹಣ ಕೊಟ್ಟವರಲ್ಲಿ ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. ಏರಿಕೆ ನಿಜ, ಅದಕ್ಕೆ ಬಹುಮಟ್ಟಿಗೆ ಮನುಷ್ಯನೇ ಕಾರಣ ಎಂದು ಅವರು 2012ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ನಿಜವಾದ ಚರ್ಚೆ ನಡೆಯುತ್ತಿರುವುದು ಬೇರೆಡೆ: ಅನಿಲ ಇಮ್ಮಡಿಯಾದಾಗ ಏರಿಕೆ 2.5 ಡಿಗ್ರಿಯ ಹತ್ತಿರವೋ 4 ಡಿಗ್ರಿಯ ಹತ್ತಿರವೋ, ಮೋಡಗಳು ಹೇಗೆ ವರ್ತಿಸುತ್ತವೆ, ನಮ್ಮ ಮುಂಗಾರು ಎತ್ತ ವಾಲುತ್ತದೆ ಎಂಬಲ್ಲಿ. ಭಾರತದ ಸರಾಸರಿ ತಾಪಮಾನ 1901ರಿಂದ 2018ರವರೆಗೆ ಏರಿದ್ದು ಸುಮಾರು 0.7 ಡಿಗ್ರಿ, ಇದು ಜಗತ್ತಿನ ಸರಾಸರಿಗಿಂತ ಕಡಿಮೆ. ನಮ್ಮ ಮೇಲೆ ಕವಿದಿರುವ ಹೊಗೆ ದೂಳು ಬಿಸಿಲನ್ನು ತಡೆಯುತ್ತಿರುವುದೂ ಇದಕ್ಕೆ ಒಂದು ಕಾರಣ. ಗಾಳಿ ಶುದ್ಧವಾದಂತೆ ಆ ಮರೆ ಸರಿಯುತ್ತದೆ.

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಮಳೆಮೋಡಗಳನ್ನು ಓಡಿಸುತ್ತವೆ ಎಂದು ನಮ್ಮ ಕಡೆ ಹೇಳುತ್ತಾರೆ. ನಿಜವೇ?
– ರೈತರು, ಜಗಳೂರು

ಉತ್ತರ: ಇಲ್ಲ. ಯಂತ್ರದ ರೆಕ್ಕೆಯ ತುದಿ ನೂರು ನೂರೈವತ್ತು ಮೀಟರುಗಳ ಆಸುಪಾಸಿನ ಎತ್ತರದಲ್ಲಿ ತಿರುಗುತ್ತದೆ, ಒಳ್ಳೆಯ ಮಳೆ ಸುರಿಸುವ ಮೋಡ ಹಲವು ಕಿಲೋಮೀಟರು ಮೇಲಕ್ಕೆ ಬೆಳೆದಿರುತ್ತದೆ. ನೆಲಕ್ಕೆ ಹತ್ತಿರದ ಗಾಳಿಯನ್ನು ಕಲಕಿ, ಯಂತ್ರಗಳ ಅಕ್ಕಪಕ್ಕದಲ್ಲಿ ರಾತ್ರಿಯ ಬಿಸಿಯನ್ನು ತುಸು ಹೆಚ್ಚಿಸುವಷ್ಟೇ ಅವುಗಳ ಶಕ್ತಿ. ನಮ್ಮದು ಘಟ್ಟದ ಮಳೆನೆರಳಿನ ನಾಡು, ಯಂತ್ರಗಳು ಬರುವ ಮೊದಲೂ ಇಲ್ಲಿ ಬರ ಇತ್ತು. ಮನುಷ್ಯನಿಂದ ಹವೆ ಕೆಡುವುದು ಸಾಧ್ಯವೇ ಇಲ್ಲ ಎನ್ನುವವರೇ ಕೆಲವೊಮ್ಮೆ ಈ ಮಾತನ್ನು ನಂಬುವುದು ನನಗೆ ಸೋಜಿಗ. ಆದರೂ ಅನುಮಾನ ಉಳಿದರೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ: ಯಂತ್ರಗಳಿರುವ ಪಂಚಾಯಿತಿಯ ಕೆಲವು ವರ್ಷಗಳ ಮಳೆಯನ್ನು, ಯಂತ್ರಗಳಿಲ್ಲದ ನೆರೆಯ ಪಂಚಾಯಿತಿಯ ಮಳೆಯ ಜೊತೆ ತಾವೇ ಹೋಲಿಸಿ ನೋಡಬಹುದು.